ಕ್ರಮಾಂಕ ನೂರಾ ಹನ್ನೆರಡರ ಹೆಂಡತಿ

ಫೆಬ್ರುವರಿ ೩

ಪಾದ್ರಿಗಳ ಆರೋಗ್ಯ ಅಧ್ಯಯನದ ಅಧಿಕಾರಿಗಳಿಗೆ,

ನಮಸ್ಕಾರ. ನೀವು ಕಳಿಸಿದ ಹನ್ನೆರಡು ಪುಟದ ಪ್ರಶ್ನಾವಳಿಗೆ ನನ್ನ ಯಜಮಾನರು ಬರೆದ ಉತ್ತರ ಈ ಹೊತ್ತಿಗೆ ನಿಮ್ಮ ಕೈ ಸೇರಿರಬೇಕು. ಅವರ ಕ್ರಮಾಂಕ ೧೧೨. ಎಂಬತ್ತನಾಲ್ಕು ಪ್ರಶ್ನೆಗಳಿಗೆ ಅವರಿಗೆ ಹಿಡಿದದ್ದು ಹದಿನಾರು ನಿಮಿಷ. ನಾನು ಇಪ್ಪತ್ತಾರು ವರ್ಷ ಹೈಸ್ಕೂಲಿನಲ್ಲಿ ಲೆಕ್ಕ ಹೇಳಿಕೊಟ್ಟವಳು. ಹದಿನಾರು ನಿಮಿಷದಲ್ಲಿ ಮುಗಿಯುವ ಉತ್ತರಪತ್ರಿಕೆ ಎರಡೇ ಥರ. ಒಂದು ಬಹಳ ಜಾಣನದ್ದು, ಇನ್ನೊಂದು ಏನೂ ಓದದೆ ಬಂದವನದ್ದು. ಲಕೋಟೆಗೆ ಅಂಟು ಹಚ್ಚುವ ಕೆಲಸ ನಮ್ಮ ಮನೆಯಲ್ಲಿ ನನ್ನದು. ಹಾಗಾಗಿ ಓದಿ ನೋಡಿದೆ. ಎರಡನೆಯ ಥರದ್ದು.

ನಿದ್ದೆ ಏಳು ಗಂಟೆ ಎಂದು ಬರೆದಿದ್ದಾರೆ. ಏಳು ಗಂಟೆ ಹಾಸಿಗೆಯಲ್ಲಿರುವುದು ನಿಜ. ಅಷ್ಟು ಹೊತ್ತು ಹಾಸಿಗೆಯಲ್ಲಿ ತಲೆದಿಂಬೂ ಇರುತ್ತದೆ, ಅದೂ ನಿದ್ದೆ ಮಾಡುವುದಿಲ್ಲ. ದಿನಾ ನಡೆಯುತ್ತೀರಾ ಎಂದರೆ 'ಹೌದು' ಅಂತೆ. ನಮ್ಮ ಮನೆ ಬಾಗಿಲಿಂದ ಚರ್ಚಿನ ಪಕ್ಕದ ಬಾಗಿಲಿಗೆ ನಲವತ್ತೊಂದು ಹೆಜ್ಜೆ. ಬರುವಾಗ ಹಸಿವಾಗಿದ್ದರೆ ಮೂವತ್ತೆಂಟು. ಸಿಹಿ 'ಮಿತವಾಗಿ' ತಿನ್ನುತ್ತಾರಂತೆ. ಹೋದ ಶನಿವಾರ ಚರ್ಚಿನ ಸಭೆಯವರ ಹನ್ನೊಂದು ಮನೆಗೆ ಭೇಟಿ ಕೊಟ್ಟರು. ಹನ್ನೊಂದು ಕಪ್ ಚಹಾ, ಹನ್ನೊಂದು ತುಂಡು ಕೇಕು. ಒಂದು ಮನೆಯಲ್ಲಿ ಬೇಡ ಎಂದರೂ 'ಅವರ ಮನೆಯದು ತಿಂದರಂತೆ, ನಮ್ಮದು ಬೇಡವಂತೆ' ಎಂದು ಸಭೆ ಇಬ್ಭಾಗವಾಗುತ್ತದೆ. ಹಿಂದಿನ ಪಾದ್ರಿ ಅಯ್ಯನವರ ಕಾಲದಲ್ಲಿ ಆಗಿದೆ.

ಮನಸ್ಸಿನ ಭಾರ ಹೇಳಿಕೊಳ್ಳಲು ಯಾರಿದ್ದಾರೆ ಎಂಬ ಪ್ರಶ್ನೆಗೆ 'ದೇವರು' ಎಂದು ಬರೆದಿದ್ದಾರೆ. ಉತ್ತರ ತಪ್ಪು ಎಂದು ನಾನು ಹೇಳಲಾರೆ. ಆದರೆ ಪಕ್ಕದಲ್ಲಿ ಫೋನ್ ನಂಬರಿನ ಜಾಗ ಖಾಲಿ ಬಿಟ್ಟಿದ್ದಾರೆ.

ಮೂರು ವರ್ಷದಿಂದ ಈ ಮನುಷ್ಯ ಸರಿಯಾಗಿ ಕಣ್ಣು ಮುಚ್ಚಿಲ್ಲ. ಏನು ಎಂದರೆ 'ಏನಿಲ್ಲ' ಅಂತಾರೆ. ಅದಕ್ಕಿಂತ ಮೇಲೆ ನಾನು ಕೇಳುವುದಿಲ್ಲ. ನೀವು ಕೇಳಿ ಎಂದು ಈ ಕಾಗದ.

ಇಂತಿ,
ಕ್ರಮಾಂಕ ೧೧೨ರ ಹೆಂಡತಿ


ಫೆಬ್ರುವರಿ ೧೪

ಮಾನ್ಯರೇ,

ತಮ್ಮ ಪತ್ರ ತಲುಪಿದೆ. ಅಧ್ಯಯನದ ನಿಯಮದಂತೆ ಭಾಗವಹಿಸುವವರ ಉತ್ತರಗಳನ್ನು ಅವರಿಂದಲೇ ಸ್ವೀಕರಿಸಲಾಗುತ್ತದೆ. ಮನೆಯವರ ತಿದ್ದುಪಡಿಗಳಿಗೆ ಅವಕಾಶವಿಲ್ಲ. ಕ್ರಮಾಂಕ ೧೧೨ ಎಂಬುವವರು ಯಾರು, ಅವರು ಏನು ಬರೆದಿದ್ದಾರೆ, ಬರೆದಿದ್ದಾರೆಯೇ ಇಲ್ಲವೇ ಎಂಬ ಯಾವುದನ್ನೂ ನಾನು ಹೇಳುವಂತಿಲ್ಲ. ತಮ್ಮ ಪತ್ರವನ್ನು ಕಡತದಿಂದ ಹೊರಗಿಡಲಾಗಿದೆ.

ತಮ್ಮ ವಿಶ್ವಾಸಿ,
ಸಹಾಯಕ ಸಂಶೋಧಕ


ಫೆಬ್ರುವರಿ ೧೯

ಸಹಾಯಕ ಸಂಶೋಧಕರಿಗೆ,

ನನ್ನ ಗಂಡ ಯಾರು ಎಂದು ನನಗೇ ಹೇಳಲು ನಿಮ್ಮಿಂದಾಗುವುದಿಲ್ಲ ಎಂದು ತಿಳಿದು ಸಂತೋಷವಾಯಿತು. ಗುಟ್ಟು ಕಾಯುವವರು ಹೀಗೇ ಇರಬೇಕು.

ಆದರೆ ಒಂದು ಮಾತು. ಪಾದ್ರಿಯ ಆರೋಗ್ಯವನ್ನು ಪಾದ್ರಿಯ ಬಾಯಲ್ಲೇ ಕೇಳುವುದೆಂದರೆ ಬಸ್ಸು ಸರಿಯಾದ ಹೊತ್ತಿಗೆ ಬಂತೇ ಎಂದು ಡ್ರೈವರನ್ನು ಕೇಳಿದ ಹಾಗೆ. ನಿಲ್ದಾಣದಲ್ಲಿ ಕಾದು ನಿಂತವರನ್ನು ಕೇಳಬೇಕು. ಹೆಂಡತಿಯರಿಗೊಂದು ಪ್ರಶ್ನಾವಳಿ ಇದ್ದರೆ ಕಳಿಸಿ. ಇಲ್ಲದಿದ್ದರೆ ಹೇಳಿ, ನಾನೇ ಬರೆದು ಕಳಿಸುತ್ತೇನೆ. ಪ್ರಶ್ನೆಪತ್ರಿಕೆ ತೆಗೆಯುವುದು ನನಗೆ ಹೊಸದಲ್ಲ.

ಇಂತಿ,
ನಿಮ್ಮ ಕಡತದ ಹೊರಗಿರುವವಳು


ಮಾರ್ಚ್ ೨೨

ಸಹಾಯಕ ಸಂಶೋಧಕರಿಗೆ ವಂದನೆಗಳು.

ತಾವು ಕಳಿಸಿದ ಯಂತ್ರದಿಂದ ಹದಿನಾಲ್ಕು ದಿನ ನೋಡಿದ ರಕ್ತದೊತ್ತಡದ ಪಟ್ಟಿ ಇದರೊಂದಿಗಿದೆ. ದೇವರ ದಯೆಯಿಂದ ಎಲ್ಲವೂ ಕ್ರಮವಾಗಿದೆ.

ನನ್ನ ಹೆಂಡತಿ ತಮಗೆ ಕಾಗದ ಬರೆಯುತ್ತಿದ್ದಾಳೆ ಎಂದು ಅಂಚೆಯವರಿಂದ ತಿಳಿಯಿತು. ದಯವಿಟ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಒಳ್ಳೆಯ ಹೆಂಗಸು. ನಿವೃತ್ತಿಯಾದ ಮೇಲೆ ತಿದ್ದಲು ಪುಸ್ತಕ ಸಿಗುತ್ತಿಲ್ಲ, ಅಷ್ಟೇ.

ತಮ್ಮ,
ಕ್ರಮಾಂಕ ೧೧೨


ಮಾರ್ಚ್ ೨೮

ಸಹಾಯಕ ಸಂಶೋಧಕರಿಗೆ,

ಹದಿನಾಲ್ಕು ದಿನವೂ ೧೨೦/೮೦. ಒಂದೇ ಶಾಯಿ, ಒಂದೇ ಸಲ ಕೂತು ಬರೆದದ್ದು. ಸೊನ್ನೆಗಳೆಲ್ಲ ಒಂದೇ ಗಾತ್ರ. ನಕಲು ಹೊಡೆಯುವ ಮಕ್ಕಳು ಕೂಡ ಒಂದೆರಡು ಕಡೆ ಬೇಕೆಂದೇ ತಪ್ಪು ಮಾಡುತ್ತಾರೆ. ಇವರಿಗೆ ಅಷ್ಟೂ ಅಭ್ಯಾಸವಿಲ್ಲ.

ಯಂತ್ರದ ಡಬ್ಬಿಯ ಪ್ಲಾಸ್ಟಿಕ್ಕೇ ಹರಿದಿರಲಿಲ್ಲ. ಮೇಲೆ ಭಾನುವಾರದ ಪ್ರಸಂಗದ ಪುಸ್ತಕ ಪೇರಿಸಿಟ್ಟಿದ್ದರು. ನಾನೇ ಬಿಚ್ಚಿ, ಹಿಡಿದು ಕೂರಿಸಿ, ತೋಳಿಗೆ ಪಟ್ಟಿ ಸುತ್ತಿದೆ. ೧೩೪/೮೬. 'ನೋಡು, ಹತ್ತಿರ ಹತ್ತಿರ ಸರಿಯಾಗೇ ಬರೆದಿದ್ದೆ' ಎಂದರು.

ಯಂತ್ರ ನೆಟ್ಟಗಿದೆಯೋ ನೋಡೋಣ ಎಂದು ನನ್ನ ತೋಳಿಗೂ ಸುತ್ತಿಕೊಂಡೆ. ೧೮೨/೧೦೮ ತೋರಿಸಿತು. ಕೂತು ನೋಡಿದೆ, ಮಲಗಿ ನೋಡಿದೆ, ಎಡಗೈ ಬಿಟ್ಟು ಬಲಗೈ ನೋಡಿದೆ. ಅಷ್ಟೇ. ಆದ್ದರಿಂದ ಯಂತ್ರ ಕೆಟ್ಟಿದೆ. ಬೇರೆಯದು ಕಳಿಸಿ. ನನಗೆ ಏನೂ ಇಲ್ಲ. ಬೆಳಿಗ್ಗೆ ಎದ್ದಾಗ ಹಿಂದಲೆ ಹಿಡಿದ ಹಾಗಿರುತ್ತದೆ, ಅದು ಕನ್ನಡಕದ ದೋಷ. ಕನ್ನಡಕ ಬದಲಾಯಿಸಿದ ಮೇಲೂ ಇದೆ. ಹೊಸದೂ ಸರಿಯಿಲ್ಲ.

ಇಂತಿ,
ಅಧ್ಯಯನಕ್ಕೆ ಸೇರದವಳು


ಏಪ್ರಿಲ್ ೪

ಮಾನ್ಯರೇ,

ಬೇರೊಂದು ಯಂತ್ರ ಕಳಿಸಿದ್ದೇನೆ. ನಾನೇ ಪರೀಕ್ಷೆ ಮಾಡಿದ್ದೇನೆ, ನಮ್ಮ ಕಚೇರಿಯ ಕಾವಲುಗಾರರ ಮೇಲೂ ಮಾಡಿದ್ದೇನೆ. ಇದರಲ್ಲೂ ಅಷ್ಟೇ ಬಂದರೆ ದಯವಿಟ್ಟು ಅದೇ ದಿನ ಡಾಕ್ಟರನ್ನು ಕಾಣಿ. ಕನ್ನಡಕದಿಂದ ಬಿಪಿ ಏರುವುದಿಲ್ಲ ಅಮ್ಮಾ.

ಇದನ್ನು ಅಧ್ಯಯನದ ಪರವಾಗಿ ಬರೆಯುತ್ತಿಲ್ಲ. ಮುದ್ರೆ ಹಾಕದೇ ಕಳಿಸಿರುವುದು ಅದಕ್ಕೇ.

ಸಹಾಯಕ ಸಂಶೋಧಕ


ಏಪ್ರಿಲ್ ೧೨

ಸಹಾಯಕ ಸಂಶೋಧಕರಿಗೆ,

ಎರಡನೆಯದೂ ೧೮೪/೧೧೦ ತೋರಿಸುತ್ತಿದೆ. ಎರಡನ್ನೂ ಒಂದೇ ಅಂಗಡಿಯಲ್ಲಿ ಕೊಂಡಿದ್ದೀರಿ ಎಂದು ಕಾಣುತ್ತದೆ.

ಡಾಕ್ಟರ ಹತ್ತಿರ ಹೋಗಲು ಪುರಸೊತ್ತು ಎಲ್ಲಿದೆ ಹೇಳಿ. ಸೋಮವಾರ ಮಹಿಳೆಯರ ಕೂಟ. ಮಂಗಳವಾರ ಗಾಯನ ತಂಡದ ನಿಲುವಂಗಿಗಳನ್ನು ಒಗೆಯಬೇಕು, ಬುಧವಾರ ಇಸ್ತ್ರಿ. ಆಮೇಲೆ ಪಾದ್ರಿ ಮನೆಯ ಬಾಗಿಲು ಗೊತ್ತಲ್ಲ, ಅಯ್ಯನವರನ್ನು ಕೇಳಿಕೊಂಡು ಬಂದವರೆಲ್ಲ ಮೊದಲು ನನಗೇ ಹೇಳಿಕೊಂಡು ಹಗುರವಾಗಿ, ಅಯ್ಯನವರು ಬರುವ ಹೊತ್ತಿಗೆ ಎದ್ದು ಹೋಗುತ್ತಾರೆ.

ಇದನ್ನು ಯಜಮಾನರಿಗೆ ತಿಳಿಸಬೇಡಿ. ಅವರಿಗೆ ಮೊದಲೇ ನಿದ್ದೆಯಿಲ್ಲ.

ಇಂತಿ,
ಪಾದ್ರಿಯಮ್ಮ


ಏಪ್ರಿಲ್ ೧೫

ಕ್ರಮಾಂಕ ೧೧೨ ಅವರಿಗೆ,

ತಮ್ಮ ಬಗ್ಗೆ ತಮ್ಮ ಪತ್ನಿಗೆ ಏನನ್ನೂ ಹೇಳಬಾರದು ಎಂಬ ನಿಯಮ ನಮ್ಮಲ್ಲಿದೆ. ಪತ್ನಿಯ ಬಗ್ಗೆ ತಮಗೆ ಹೇಳಬಾರದು ಎಂಬ ನಿಯಮವನ್ನು ಎರಡು ದಿನ ಹುಡುಕಿದೆ, ಸಿಗಲಿಲ್ಲ. ತಾನು ಈ ಅಧ್ಯಯನಕ್ಕೆ ಸೇರಿದವಳಲ್ಲ ಎಂದು ಅವರೇ ಬರೆದು ಸಹಿ ಹಾಕಿದ್ದಾರೆ.

ಅವರ ರಕ್ತದೊತ್ತಡ ನೂರ ಎಂಬತ್ತು ದಾಟಿದೆ. ಎರಡು ಯಂತ್ರಗಳಲ್ಲಿ, ಎರಡು ವಾರಗಳಿಂದ. ದಯವಿಟ್ಟು ಈ ಕಾಗದ ಓದಿದ ಕೂಡಲೇ ಡಾಕ್ಟರ ಬಳಿ ಕರೆದುಕೊಂಡು ಹೋಗಿ. ಹೇಳಬೇಡಿ ಎಂದಿದ್ದರು. ಬೈಗುಳ ನನ್ನ ಪಾಲಿಗಿರಲಿ.

ತಮ್ಮ ಪಟ್ಟಿಯ ವಿಷಯ ಆಮೇಲೆ ಮಾತಾಡೋಣ.

ಸಹಾಯಕ ಸಂಶೋಧಕ


ಏಪ್ರಿಲ್ ೨೪

ಪ್ರಿಯರೇ,

ತಮ್ಮ ಕಾಗದ ಬಂದಾಗ ಅವಳು ಇಸ್ತ್ರಿ ಹಾಕುತ್ತಿದ್ದಳು. "ಪೆಟ್ಟಿಗೆ ಆರಿಸು, ಹೊರಡು" ಎಂದೆ.

"ಎಲ್ಲಿಗೆ?"

"ಡಾಕ್ಟರ ಹತ್ತಿರ."

"ನಿಮಗೇನಾಯ್ತು ರೀ?" ಎಂದು ಗಾಬರಿಯಾಗಿ ಎರಡೇ ನಿಮಿಷದಲ್ಲಿ ತಯಾರಾದಳು. ನಾನು ನಿಜ ಹೇಳಲಿಲ್ಲ. ಹೇಳಿದ್ದರೆ ಬರುತ್ತಿರಲಿಲ್ಲ. ಡಾಕ್ಟರ ಕೋಣೆಯಲ್ಲಿ ಕುರ್ಚಿಯ ಮೇಲೆ ಅವಳನ್ನು ಕೂರಿಸಿದಾಗಲೇ ಅವಳಿಗೆ ತಿಳಿದದ್ದು. ಡಾಕ್ಟರ ಯಂತ್ರದಲ್ಲಿ ೧೮೬/೧೧೦. ಇವಳು ಯಂತ್ರವನ್ನು ಹಿಂದೆ ಮುಂದೆ ನೋಡಿ, "ನೀವು ಇದನ್ನು ಯಾವ ಅಂಗಡಿಯಲ್ಲಿ ತಗೊಂಡ್ರಿ?" ಎಂದು ಕೇಳಿದಳು.

ಡಾಕ್ಟರು ನಗಲಿಲ್ಲ. "ಅಮ್ಮಾ, ನೀವು ನಡೆದುಕೊಂಡು ಬಂದಿದ್ದೇ ಹೆಚ್ಚು" ಎಂದರು. ಮಾತ್ರೆ ಕೊಟ್ಟಿದ್ದಾರೆ. ಉಪ್ಪು ಕಡಿಮೆ ಮಾಡಬೇಕು. ಒಂದು ತಿಂಗಳು ಪಾದ್ರಿ ಮನೆ ಬಿಟ್ಟು ಬೇರೆಲ್ಲಾದರೂ ಇರಬೇಕು, ಅಲ್ಲಿ ವಿಶ್ರಾಂತಿ ತೆಗೆದುಕೊಳ್ಳುವುದೂ ಒಂದೇ, ಬಸ್ ನಿಲ್ದಾಣದಲ್ಲಿ ಮಲಗುವುದೂ ಒಂದೇ ಎಂದರು. ನಿನ್ನೆ ಅವಳ ತಂಗಿಯ ಮನೆಗೆ ಬಿಟ್ಟು ಬಂದೆ. ದಾರಿಯುದ್ದಕ್ಕೂ ನನ್ನೊಡನೆ ಮಾತಾಡಲಿಲ್ಲ. ನಿಮ್ಮನ್ನು ಬೈದಳು.

ನಾನು ಕಳಿಸಿದ ಪಟ್ಟಿ ಸುಳ್ಳು. ಸುಳ್ಳು ಸಾಕ್ಷಿ ಹೇಳಬಾರದು ಎಂದು ಪ್ರಸಂಗ ಮಾಡಿದ ವಾರವೇ ಅದನ್ನು ಬರೆದದ್ದು. ಪ್ರಶ್ನಾವಳಿಯ ಹೊಸ ಪ್ರತಿ ಇದ್ದರೆ ಕಳಿಸಿ, ಈ ಸಲ ಓದಿ ಬರೆಯುತ್ತೇನೆ. ಮೂವತ್ತೊಂದು ವರ್ಷ ಸಭೆಯವರ ಕಾಯಿಲೆಗೆಲ್ಲ ಮೊಣಕಾಲೂರಿ ಪ್ರಾರ್ಥನೆ ಮಾಡಿದ್ದೇನೆ. ನನ್ನ ಮನೆಯ ಕಾಯಿಲೆ ನನಗೆ ಅಂಚೆಯಲ್ಲಿ ಬಂತು.

ತಮ್ಮ,
ಕ್ರಮಾಂಕ ೧೧೨


ಮೇ ೬

ನನ್ನವಳೇ,

ನೀನು ಮಾತ್ರೆ ನುಂಗುತ್ತಿದ್ದೀಯ ಎಂದು ನಿನ್ನ ತಂಗಿ ಫೋನಿನಲ್ಲಿ ಹೇಳಿದಳು. ಒಂದು ಮಾತ್ರೆಯನ್ನು ಅರ್ಧ ಮಾಡಿ ನೋಡಿದೆಯಂತೆ. ಹಾಗೆ ಮಾಡಬೇಡ.

ಇಲ್ಲಿ ಎಲ್ಲ ಕ್ಷೇಮ ಎಂದು ಬರೆದು ರೂಢಿಯಾಗಿದೆ. ಆದರೆ ಕ್ಷೇಮವಿಲ್ಲ. ಗಾಯನ ತಂಡದ ನಿಲುವಂಗಿಗಳನ್ನು ನಾನೇ ಒಗೆದೆ, ಜೊತೆಗೆ ನನ್ನ ಕೆಂಪು ಟವೆಲೂ ಬಿದ್ದಿತ್ತು. ಭಾನುವಾರ ಹದಿನಾಲ್ಕು ಜನ ಗುಲಾಬಿ ಬಣ್ಣದಲ್ಲಿ ನಿಂತು ಹಾಡಿದರು. ಹಬ್ಬವೇನಾದರೂ ಇದೆಯಾ ಎಂದು ಇಬ್ಬರು ಕೇಳಿದರು. ನೀನಿಲ್ಲವೆಂದು ಮನೆಮನೆಯಿಂದ ಊಟ ಬರುತ್ತಿದೆ. ಯಾವ ಪಾತ್ರೆ ಯಾರದು ಎಂದು ತಿಳಿಯದೆ ಎಲ್ಲವನ್ನೂ ಅಡಿಗೆಮನೆಯಲ್ಲಿ ಸಾಲಾಗಿ ಇಟ್ಟಿದ್ದೇನೆ. ಬಾಗಿಲಿಗೆ ಬಂದವರು ನನ್ನನ್ನು ನೋಡಿ "ಅಮ್ಮ ಇಲ್ವಾ? ಹಾಗಾದರೆ ಆಮೇಲೆ ಬರ್ತೀವಿ" ಎಂದು ತಿರುಗುತ್ತಾರೆ. ಇಷ್ಟು ವರ್ಷ ಈ ಸಭೆಯೆಂಬ ಮಂದೆಯನ್ನು ಮೇಯಿಸುತ್ತಿದ್ದವರು ಯಾರು ಎಂದು ಈಗ ತಿಳಿಯುತ್ತಿದೆ.

ಹೊಸ ಪ್ರಶ್ನಾವಳಿ ಬಂತು. ಮೂರು ದಿನವಾಯಿತು, ಒಂದೇ ಪ್ರಶ್ನೆಯ ಮುಂದೆ ಕೂತಿದ್ದೇನೆ. ಅಲ್ಲಿ ಬರೆಯುವ ಮೊದಲು ನಿನಗೆ ಹೇಳಬೇಕು. ಫೋನಿನಲ್ಲಿ ಆಗುವುದಿಲ್ಲ, ನಿನ್ನ ತಂಗಿ ಪಕ್ಕದಲ್ಲೇ ನಿಂತು "ಭಾವ ಏನಂದ್ರು" ಎಂದು ಕೇಳುತ್ತಾಳೆ.

ಮೂರು ವರ್ಷದ ಹಿಂದೆ, ಗಡಿಯಾರ ರಿಪೇರಿ ಮಾಡುತ್ತಿದ್ದವರು ತೀರಿಕೊಂಡ ಭಾನುವಾರ. ಬೆಳಿಗ್ಗೆ ಎರಡು ಆರಾಧನೆ, ಆಮೇಲೊಂದು ಮದುವೆ ಮುಗಿಸಿ ಬಂದು ಮೂರು ಗಂಟೆಗೆ ಮಲಗಿದ್ದೆ. ಹಜಾರದಲ್ಲಿ ಫೋನು ಬಡಿದುಕೊಂಡಿತು. ನಾನು ಎಚ್ಚರವಿದ್ದೆ. ಏಳಬೇಕು ಅನಿಸಲಿಲ್ಲ. ಸಂಜೆಯ ಕೂಟ ಎಷ್ಟು ಹೊತ್ತಿಗೆ ಎಂದು ಕೇಳುವವರಿರಬೇಕು, ಬಡಿದುಕೊಳ್ಳಲಿ ಎಂದುಕೊಂಡೆ. ನಾಲ್ಕು ಸಲ ಹೊಡೆದು ನಿಂತಿತು. ಅಬ್ಬ, ನಿಂತಿತಲ್ಲ ಎಂದು ಖುಷಿಯಾಯಿತು. ಅದನ್ನೂ ಹೇಳಬೇಕು ನಿನಗೆ, ಖುಷಿಯಾಯಿತು. ನಾಲ್ಕು ಗಂಟೆಗೆ ಅವರು ಹೋದರು.

ಮಣ್ಣು ಮಾಡುವ ದಿನ ಅವರ ಹೆಂಡತಿ, "ಫೋನ್ ಮಾಡಿದ್ದೆ ಅಯ್ಯನವರೇ, ನೀವು ಊರಲ್ಲಿರಲಿಲ್ಲವೇನೋ" ಎಂದರು. ನಾನು "ಹೌದು" ಎಂದುಬಿಟ್ಟೆ. ಅವರ ಕೈ ಹಿಡಿದುಕೊಂಡು ಹೇಳಿದೆ.

ಅಂದಿನಿಂದ ಫೋನಿಗೆ ಉದ್ದದ ತಂತಿ ಹಾಕಿಸಿ ತಲೆದೆಸೆಗೆ ಇಟ್ಟುಕೊಂಡಿದ್ದೇನೆ. ಅದು ಹೊಡೆದರೂ ನಿದ್ದೆಯಿಲ್ಲ, ಹೊಡೆಯದಿದ್ದರೂ ಇಲ್ಲ.

ನಿನ್ನ ಬಿಪಿ ಏರದಂತೆ ಇದನ್ನು ಓದು. ಇನ್ನು ಬಚ್ಚಿಡುವುದು ಬೇಡ ಅನಿಸಿತು.

ನಿನ್ನವನು


ಮೇ ೧೦

ರೀ,

ನಿಮ್ಮ ಕಾಗದ ಬಂತು. ಓದುತ್ತಿದ್ದೆ, ತಂಗಿ ಬಂದು "ಏನಂತೆ ಅಕ್ಕಾ" ಎಂದಳು. ನಿಲುವಂಗಿಗಳು ಗುಲಾಬಿಯಾಗಿವೆಯಂತೆ ಎಂದೆ. ಅಷ್ಟಕ್ಕೆ ಯಾಕೆ ಅಳುತ್ತೀ ಎಂದಳು.

ಫೋನು ನಾಲ್ಕು ಸಲ ಹೊಡೆದು ನಿಂತಿತು ಎಂದು ಬರೆದಿದ್ದೀರಿ. ಸಾಯುವವರ ಮನೆಯ ಫೋನು ನಾಲ್ಕಕ್ಕೆ ನಿಲ್ಲುವುದಿಲ್ಲ ರೀ. ನಾನು ತಂತಿ ಕಿತ್ತೆ. ನೀವು ಆ ವಾರವೆಲ್ಲ ಜ್ವರದಲ್ಲೇ ಓಡಾಡಿದ್ದಿರಿ. ಮದುವೆ ಮನೆಯಿಂದ ಬಂದವರು ಬೂಟು ಕೂಡ ಬಿಚ್ಚದೆ ಬಿದ್ದುಕೊಂಡಿರಿ. ಅರ್ಧ ಗಂಟೆ ಮಲಗಲಿ, ಪ್ರಪಂಚ ಮುಳುಗುವುದಿಲ್ಲ ಎಂದುಕೊಂಡೆ. ಐದು ಗಂಟೆಗೆ ಬಾಗಿಲಿಗೆ ಜನ ಬಂದು ಸುದ್ದಿ ಹೇಳಿದಾಗ, ನೀವು ಮುಖ ತೊಳೆಯಲು ಹೋದ ಹೊತ್ತಿನಲ್ಲಿ ತಂತಿಯನ್ನು ಮತ್ತೆ ಸಿಕ್ಕಿಸಿದೆ.

ನೀವು ಫೋನನ್ನು ತಲೆದೆಸೆಗೆ ತಂದಿಟ್ಟ ದಿನ ನಿಮಗೆ ಎಲ್ಲ ಗೊತ್ತಾಗಿದೆ ಎಂದುಕೊಂಡೆ. ಇವಳ ಕೈಗೆ ಸಿಗಬಾರದು ಎಂದು ಇಟ್ಟುಕೊಂಡಿದ್ದಾರೆ, ದೊಡ್ಡ ಮನಸ್ಸು ಮಾಡಿ ಬಾಯಿ ಬಿಡುತ್ತಿಲ್ಲ ಎಂದುಕೊಂಡೆ. ನಿಮ್ಮ ಆ ದೊಡ್ಡ ಮನಸ್ಸಿನ ಮೇಲೆ ಮೂರು ವರ್ಷ ನನಗೆ ಎಷ್ಟು ಸಿಟ್ಟಿತ್ತು ಗೊತ್ತೇ. ಈಗ ನೋಡಿದರೆ ನೀವು ಆ ದೊಡ್ಡ ಮನಸ್ಸನ್ನು ಮಾಡೇ ಇಲ್ಲ.

ಆ ಮನೆಗೆ ಹೋಗಬೇಕು. ನೀವೊಬ್ಬರೇ ಹೋಗಬೇಡಿ, ಹೋದರೆ ತಪ್ಪೆಲ್ಲ ನಿಮ್ಮ ಮೇಲೇ ಹಾಕಿಕೊಂಡು ಬರುತ್ತೀರಿ. ನಾನು ಬರುವವರೆಗೆ ಕಾಯಿರಿ. ಮಾತ್ರೆ ಇಡಿಯಾಗೇ ನುಂಗುತ್ತಿದ್ದೇನೆ.

ಟವೆಲನ್ನು ಇನ್ನು ಮುಟ್ಟಬೇಡಿ.

ನಿಮ್ಮವಳು


ಜೂನ್ ೪

ಪ್ರಿಯ ಸಹಾಯಕ ಸಂಶೋಧಕರೇ,

ನಿಮ್ಮ ಮೇಲಿನ ಕೋಪ ಮೇ ತಿಂಗಳಲ್ಲೇ ಇಳಿಯಿತು. ಹೇಳಲು ಬಿಡುವಾಗಲಿಲ್ಲ. ಬಿಪಿಯೂ ಇಳಿದಿದೆ, ೧೪೦ರ ಹತ್ತಿರ ಇದೆ. ನಿಮ್ಮ ಎರಡೂ ಯಂತ್ರಗಳ ಬಗ್ಗೆ ನಾನಾಡಿದ ಮಾತನ್ನು ವಾಪಸು ತೆಗೆದುಕೊಂಡಿದ್ದೇನೆ. ಯಜಮಾನರ ಹೊಸ ಪ್ರಶ್ನಾವಳಿ ನಿಮಗೆ ತಲುಪಿರಬೇಕು. ಈ ಸಲ ನಾನು ಓದದೇ ಅಂಟು ಹಚ್ಚಿದೆ. ಆದರೆ ಅವರೇ 'ಗಡಿಯಾರದವರ ವಿಷಯ ಅದರಲ್ಲಿ ಬರೆದಿದ್ದೇನೆ, ಸಂಶೋಧಕರಿಗೆ ನೀನೂ ಹೇಳಬಹುದು' ಎಂದರು. ಹಾಗಾಗಿ ಮುಂದಿನದನ್ನು ಬರೆಯುತ್ತೇನೆ. ಇದು ಕಡತಕ್ಕಲ್ಲ, ನಿಮಗೆ.

ಮೊನ್ನೆ ಭಾನುವಾರ ಮಧ್ಯಾಹ್ನ ಇಬ್ಬರೂ ಬಸ್ಸು ಹತ್ತಿ ಆ ಮನೆಗೆ ಹೋದೆವು. ಗೋಡೆಯ ತುಂಬ ಅವರು ಬಿಟ್ಟುಹೋದ ಗಡಿಯಾರಗಳು. ಒಂದೊಂದು ಒಂದೊಂದು ಹೊತ್ತು ತೋರಿಸುತ್ತಿದ್ದವು. ಚಹಾ ಬಂತು, ಕೇಕೂ ಬಂತು. ನಮ್ಮವರು ಹೇಳಬೇಕಾದದ್ದನ್ನು ಪ್ರಸಂಗದ ಹಾಗೆ ಮೂರು ಭಾಗ ಮಾಡಿ ಚೀಟಿಯಲ್ಲಿ ಬರೆದುಕೊಂಡು ಬಂದಿದ್ದರು. ಚೀಟಿ ತೆಗೆದರು, ಮಡಚಿದರು, ಮತ್ತೆ ಬಿಚ್ಚಿದರು. ನನಗೆ ತಡೆಯಲಾಗಲಿಲ್ಲ.

"ಅವತ್ತು ನಮ್ಮ ಫೋನಿನ ತಂತಿ ಕಿತ್ತವಳು ನಾನು" ಎಂದೆ.

"ಕೀಳುವ ಮೊದಲೇ ಕೇಳಿಸಿಕೊಂಡು ಮಲಗಿದ್ದವನು ನಾನು" ಎಂದರು ಇವರು.

"ಬಿಟ್ಟಿದ್ದರೆ ನೀವು ಏಳುತ್ತಿದ್ದಿರಿ. ಐದನೆಯ ಸಲಕ್ಕೆ ಏಳುವವರು ನೀವು."

"ಏಳುತ್ತಿರಲಿಲ್ಲ. ನನ್ನ ತಪ್ಪನ್ನು ನೀನು ಯಾಕೆ ತಗೋತೀಯ?"

"ನಿಮ್ಮದು ಬರೀ ಸೋಮಾರಿತನ, ನನ್ನದು ಕೈಯಾರೆ ಮಾಡಿದ್ದು."

ಪಾಪ, ಆಕೆ ಕಪ್ಪು ಹಿಡಿದುಕೊಂಡು ನಮ್ಮಿಬ್ಬರನ್ನೂ ನೋಡುತ್ತ, ನಮ್ಮದು ಮುಗಿಯುವವರೆಗೆ ಕಾದರು. ಆಮೇಲೆ ಹೇಳಿದರು. "ನೀವು ಮನೆಯಲ್ಲೇ ಇದ್ರಿ ಅಂತ ನನಗೆ ಗೊತ್ತಿತ್ತು ಅಯ್ಯನವರೇ. ಮದುವೆ ಮುಗಿಸಿ ನೀವು ಮನೆ ಕಡೆ ಹೋಗಿದ್ದನ್ನ ನಮ್ಮ ತಮ್ಮ ನೋಡಿದ್ದ. ಮೂರು ಮೂರು ಆರಾಧನೆ ಮಾಡಿದವರು, ಮಲಗಿರ್ತಾರೆ ಅಂದುಕೊಂಡೆ. ಪಾದ್ರಿಗೂ ನಿದ್ದೆ ಬೇಕಲ್ಲ."

ನಮ್ಮವರು ಬಿಳಿಚಿಕೊಂಡರು. "ಮತ್ತೆ ಊರಲ್ಲಿರಲಿಲ್ಲವೇನೋ ಅಂತ ಕೇಳಿದಿರಲ್ಲ?"

"ನಿಮ್ಮ ಮುಖ ನೋಡೋಕಾಗಲಿಲ್ಲ. ಅದಕ್ಕೆ ಹಾಗಂದೆ. ನೀವು ಹೌದು ಅಂತೀರಿ ಅಂದುಕೊಂಡಿರಲಿಲ್ಲ."

ಗಡಿಯಾರಗಳ ಸದ್ದೇ ಸದ್ದು. ಆಕೆಯೇ ಮುಂದುವರಿಸಿದರು. "ನೀವು ಬಂದಿದ್ದರೆ ಚೆನ್ನಾಗಿರ್ತಿತ್ತು. ಅದನ್ನ ಸುಳ್ಳು ಹೇಳಲ್ಲ. ಆದರೆ ಅವರೇನೂ ನಿಮ್ಮನ್ನ ಕೇಳಲಿಲ್ಲ, ಬೆಳಿಗ್ಗೆಯಿಂದ ಅವರಿಗೆ ಮಾತೇ ನಿಂತಿತ್ತು. ನನಗೇ ಒಬ್ಬಳಿಗೆ ಹೆದರಿಕೆಯಾಗಿ, ಯಾರಾದರೂ ಸರಿ ಒಂದು ಮಾತಾಡಲಿ ಅಂತ ಫೋನ್ ಮಾಡಿದ್ದು. ನೀವು ಸಿಗಲಿಲ್ಲ. ಪುಸ್ತಕದಲ್ಲಿ ನಿಮ್ಮ ಕೆಳಗೆ ನಾದಿನಿ ನಂಬರಿತ್ತು. ಅತ್ತೆಯ ಹೊಲಿಗೆ ಯಂತ್ರ ಯಾರಿಗೆ ಅಂತ ಜಗಳವಾಗಿ ಒಂಬತ್ತು ವರ್ಷ ಮಾತು ಬಿಟ್ಟಿದ್ವಿ. ಹತ್ತು ನಿಮಿಷದಲ್ಲಿ ಬಂದಳು. ಅಣ್ಣನ ಕೈ ಅವಳೇ ಹಿಡಕೊಂಡಿದ್ದಳು."

ಇಷ್ಟು ಹೇಳಿ, ಅಡಿಗೆಮನೆ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು. "ಬಂದವಳು ಇನ್ನೂ ಹೋಗಿಲ್ಲ. ಮೂರು ವರ್ಷವಾಯ್ತು. ನೀವು ಏನಾದರೂ ಮಾಡಿ ತಪ್ಪು ತೀರಿಸಬೇಕು ಅಂತಿದ್ದರೆ, ಅಯ್ಯನವರೇ, 'ನಿಮ್ಮ ಮನೆಗೆ ಹೋಗಿ ತಾಯಿ' ಅಂತ ಅವಳಿಗೆ ಒಂದು ಮಾತು ಹೇಳಿ."

ಒಳಗಿನಿಂದ ಉತ್ತರ ಬಂತು. "ನನಗೆ ಕಿವಿ ಚೆನ್ನಾಗೇ ಕೇಳಿಸುತ್ತೆ. ಈ ಮನೇಲಿ ಉಪ್ಪಿನ ಡಬ್ಬಿ ಎಲ್ಲಿದೆ ಅಂತ ನಾನು ಹೋದರೆ ನಿಮಗೆ ಯಾರು ಹೇಳ್ತಾರೆ ಅತ್ತಿಗೆ?"

ನಮ್ಮವರು ನಕ್ಕರು. ಚೀಟಿಯನ್ನು ಮಡಚಿ ಜೇಬಿಗೆ ಹಾಕಿಕೊಂಡು, ಕಣ್ಣು ಒರೆಸಿಕೊಳ್ಳುತ್ತ, ಹೊಟ್ಟೆ ಹಿಡಿದುಕೊಂಡು ನಕ್ಕರು. ಅವರು ಹಾಗೆ ನಕ್ಕಿದ್ದನ್ನು ನಾನು ಯಾವಾಗ ನೋಡಿದ್ದೆನೋ. ಆಮೇಲೆ ನಾಲ್ವರೂ ಕೂತು ಪ್ರಾರ್ಥನೆ ಮಾಡಿದೆವು. ನಾದಿನಿ ವಿಷಯ ಅದರಲ್ಲಿ ಬರಲಿಲ್ಲ.

ಮರಳಿ ಬರುವಾಗ ಬಸ್ಸು ಹೊರಟು ಎರಡು ನಿಲ್ದಾಣ ದಾಟುವುದರೊಳಗೆ ಅವರ ತಲೆ ನನ್ನ ಹೆಗಲಿಗೆ ಬಂತು. ಬಾಯಿ ತೆರೆದುಕೊಂಡು, ಗೊರಕೆ ಹೊಡೆಯುತ್ತ. ನಮ್ಮ ನಿಲ್ದಾಣ ಬಂತು. ಕಂಡಕ್ಟರು "ಇಳಿಯಲ್ವಾ ಅಮ್ಮಾ?" ಎಂದರು. ಬೇಡ ಎಂದು ಕೈಸನ್ನೆ ಮಾಡಿದೆ. ಕೊನೆಯ ನಿಲ್ದಾಣಕ್ಕೆ ಹೋಯಿತು. ಡ್ರೈವರು ಚಹಾ ಕುಡಿದು ಬಂದರು, ಬಸ್ಸು ಅದೇ ದಾರಿಯಲ್ಲಿ ತಿರುಗಿತು. ಇವರಿಗೆ ಎಚ್ಚರವಿಲ್ಲ. ನನ್ನ ಹೆಗಲು ಮರಗಟ್ಟಿತು, ಅಲುಗಾಡಲಿಲ್ಲ.

ಸಂಜೆಯ ಕೂಟ ಆರು ಗಂಟೆಗೆ. ನಾವು ಇಳಿದಾಗ ಏಳು ಹತ್ತು. ಇವರು ಚರ್ಚಿಗೆ ಓಡಿದರು. ದೀಪ ಆರಿಸಿ ಬೀಗ ಹಾಕುತ್ತಿದ್ದರು. ಅಯ್ಯನವರು ಬರಲಿಲ್ಲವೆಂದು ಸಭೆಯ ಹಿರಿಯರೊಬ್ಬರೇ ಎದ್ದು ನಿಂತು ಆರೇಳು ನಿಮಿಷ ಪ್ರಸಂಗ ಮಾಡಿ ಮುಗಿಸಿದ್ದರಂತೆ. ಸಭೆಗೆ ಬಹಳ ಇಷ್ಟವಾಯಿತಂತೆ. ಮುಂದಿನ ಭಾನುವಾರವೂ ಅವರೇ ಮಾಡಲಿ, ಅಯ್ಯನವರು ಮಲಗಲಿ ಎಂದು ಈಗ ಎಲ್ಲರೂ ಬಹಳ ಕಾಳಜಿಯಿಂದ ಹೇಳುತ್ತಿದ್ದಾರೆ.

ಇಂತಿ ನಿಮ್ಮ ಹಿತೈಷಿ,
ಪಾದ್ರಿಯಮ್ಮ